ಎರಡು ಪ್ರೊಸೆಸರ್‌ನ ಹಳೆಯ ಸರ್ವರ್‌ನಲ್ಲಿ ಎನ್‌ಟಿಪಿ ಇದ್ದರೂ ಟೈಮ್ ಯಾಕೆ ತಪ್ಪುತ್ತದೆ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಚಳ್ಳಕೆರೆಯ ಎಣ್ಣೆ ಮಿಲ್ ಆಫೀಸು. ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ, ಎರಡು ಎಎಂಡಿ ಆಪ್ಟೆರಾನ್ ಪ್ರೊಸೆಸರ್ ಇರುವ ಸರ್ವರ್. ಮೇಲೆ ಹಳೆಯ 2.6 ಕರ್ನೆಲ್‌ನ ಲಿನಕ್ಸ್ (ಕರ್ನೆಲ್ ಎಂದರೆ ಲಿನಕ್ಸ್‌ನ ಒಳತಿರುಳು). ಎನ್‌ಟಿಪಿ (ನೆಟ್‌ನ ಟೈಮ್ ಸರ್ವರ್ ನೋಡಿ ಕಂಪ್ಯೂಟರ್ ಗಡಿಯಾರ ತಿದ್ದುವ ಪ್ರೋಗ್ರಾಂ) ಓಡುತ್ತಿದೆ, ಆದರೂ ಲಾಗ್‌ನಲ್ಲಿ ಕಾಲು ಗಂಟೆಗೊಮ್ಮೆ 'ಟೈಮ್ ರೀಸೆಟ್' ಎಂದು 9 ಸೆಕೆಂಡ್ ಮುಂದಕ್ಕೆ ತಳ್ಳಿದ ಸಾಲು ಬರುತ್ತಿದೆ. ರಾತ್ರಿ ಜಾಸ್ತಿ, ಹಗಲು ಕೆಲಸ ಜೋರಾದಾಗ ಕಡಿಮೆ. ಬಿಲ್‌ಗಳ ಟೈಮ್ ಹಿಂದು ಮುಂದಾಗುತ್ತಿದೆ. ಬ್ಯಾಟರಿ ಬದಲಿಸಿದ್ದೀರಿ, ಈಗ ಇಂಟರ್ನೆಟ್ ಕನೆಕ್ಷನ್ ಮೇಲೆ ಅನುಮಾನ.

ನಾನು ದಾವಣಗೆರೆಯಲ್ಲಿ ಮಂಡಿ, ಪ್ರಿಂಟಿಂಗ್ ಪ್ರೆಸ್‌ಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಇಂಥದೇ ಒಂದು ಮೆಷಿನ್ ನನ್ನ ಕೈಗೂ ಬಂದಿತ್ತು. ಎನ್‌ಟಿಪಿಯನ್ನು ಬೈಯಬೇಡಿ. ಅದು ತಿದ್ದಲು ಹೊರಟಿರುವ ಒಳಗಿನ ಗಡಿಯಾರವೇ ಸರಿ ಇಲ್ಲ.

ಬ್ಯಾಟರಿ ವಿಷಯ ಬೇಗ ಮುಗಿಸೋಣ. ಸಿಆರ್2032 ಬಿಲ್ಲೆ ಕೆಲಸಕ್ಕೆ ಬರುವುದು ಸರ್ವರ್ ಆಫ್ ಆಗಿದ್ದಾಗ ಮಾತ್ರ, ಬೋರ್ಡ್‌ನ ಗಡಿಯಾರ ನಿಲ್ಲದಂತೆ ನೋಡಿಕೊಳ್ಳಲು. ಲಿನಕ್ಸ್ ಶುರುವಾಗುವಾಗ ಆ ಗಡಿಯಾರದಿಂದ ಒಮ್ಮೆ ಟೈಮ್ ಓದಿಕೊಳ್ಳುತ್ತದೆ, ಆಮೇಲೆ ತನ್ನ ಲೆಕ್ಕ ತಾನೇ ಇಡುತ್ತದೆ. ಓಡುತ್ತಿರುವ ಮೆಷಿನ್ ತಪ್ಪು ಟೈಮ್ ತೋರಿಸಿದರೆ ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ.

ನೆಟ್ ಸರಿ ಇದೆಯಾ ಎಂದು ನೋಡುವುದೂ ಸುಲಭ. ಎನ್‌ಟಿಪಿಕ್ಯೂ ಕಮಾಂಡನ್ನು ಮೈನಸ್ ಪಿ ಹಾಕಿ ಕೊಡಿ. ರೀಚ್ ಎನ್ನುವ ಕಾಲಂನಲ್ಲಿ 377 ಇದ್ದರೆ ಕೊನೆಯ ಎಂಟು ಸಲ ಕೇಳಿದ್ದಕ್ಕೂ ಉತ್ತರ ಬಂದಿದೆ ಎಂದರ್ಥ. ಅದು ಎಂಟರ ಲೆಕ್ಕದ ಸಂಖ್ಯೆ, ಅದಕ್ಕೇ ವಿಚಿತ್ರವಾಗಿ ಕಾಣುತ್ತದೆ. ಸೊನ್ನೆ ಇದ್ದರೆ ಮಾತ್ರ ರೌಟರ್‌ನಲ್ಲಿ ಯುಡಿಪಿ 123ನೇ ಪೋರ್ಟ್ ಮುಚ್ಚಿದೆಯಾ ನೋಡಿ. ರೀಸೆಟ್ ಆಗುತ್ತಿದೆ ಎಂದಮೇಲೆ ಉತ್ತರ ಬರುತ್ತಿದೆ ಎಂದೇ ಅರ್ಥ ಅಲ್ವಾ?

ಈಗ ನಿಮ್ಮ 9 ಸೆಕೆಂಡಿಗೆ ಬರೋಣ. ಗಡಿಯಾರದ ವೇಗವನ್ನು ನಯವಾಗಿ ತಿದ್ದಲು ಎನ್‌ಟಿಪಿಗೆ ಒಂದು ಮಿತಿ ಇದೆ: ಹತ್ತು ಲಕ್ಷಕ್ಕೆ 500 ಪಾಲು, ಅಂದರೆ ದಿನಕ್ಕೆ 43.2 ಸೆಕೆಂಡ್. ವ್ಯತ್ಯಾಸ 128 ಮಿಲಿಸೆಕೆಂಡ್ ದಾಟಿ ಹಾಗೇ ಉಳಿದರೆ ಅದು ತಿದ್ದುವುದನ್ನು ಬಿಟ್ಟು ಒಂದೇ ಸಲ ಹಾರಿಸಿಬಿಡುತ್ತದೆ. ಕಾಲು ಗಂಟೆಗೆ 9 ಸೆಕೆಂಡ್ ಎಂದರೆ ದಿನಕ್ಕೆ 864 ಸೆಕೆಂಡ್. ಮಿತಿಯ ಇಪ್ಪತ್ತರಷ್ಟು! ಯಾವ ಟೈಮ್ ಸರ್ವರ್‌ಗೆ ಬದಲಿಸಿದರೂ ಇದು ಸರಿಹೋಗಲ್ಲ. ಏಪ್ರಿಲ್ ಬಿಸಿಲಿಗೆ ಹೀಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೆಕೆಯಿಂದ ಕ್ರಿಸ್ಟಲ್ ತಪ್ಪುವುದು ದಿನಕ್ಕೆ ಒಂದೆರಡು ಸೆಕೆಂಡ್‌ನ ಮಾತು.

ಹಾಗಾದರೆ ಯಾರು ತಪ್ಪುತ್ತಿದ್ದಾರೆ? ನನ್ನ ಅನುಮಾನ ಟಿಎಸ್‌ಸಿ (ಟೈಮ್ ಸ್ಟ್ಯಾಂಪ್ ಕೌಂಟರ್) ಮೇಲೆ. 1993ರ ಪೆಂಟಿಯಂ ಕಾಲದಿಂದ ಪ್ರೊಸೆಸರ್‌ಗಳ ಒಳಗೆ ಬಂದ ಎಣಿಕೆ ಅದು, ಒಂದೊಂದು ಟಿಕ್‌ಗೂ ಒಂದು ಹೆಚ್ಚುತ್ತಾ ಹೋಗುತ್ತದೆ. ಓದುವುದು ಬಹಳ ಬೇಗ, ಆದ್ದರಿಂದ ಎಲ್ಲರಿಗೂ ಇಷ್ಟ. ಒಂದೇ ಪ್ರೊಸೆಸರ್, ಒಂದೇ ವೇಗ ಇದ್ದಾಗ ತೊಂದರೆ ಇರಲಿಲ್ಲ. ನಿಮ್ಮಲ್ಲಿ ಎರಡಿವೆ, ಎರಡಕ್ಕೂ ಬೇರೆ ಬೇರೆ ಎಣಿಕೆ. ಒಂದೇ ಲಾರಿಯ ಚೀಲವನ್ನು ಇಬ್ಬರು ಹಮಾಲರು ಬೇರೆ ಬೇರೆ ಎಣಿಸಿದ ಹಾಗೆ, ನಡುವೆ ಒಬ್ಬ ತೂಕಡಿಸಿದರೆ ಲೆಕ್ಕ ಹೊಂದುವುದಿಲ್ಲ. ಆ ಕಾಲದ ಆಪ್ಟೆರಾನ್‌ಗಳು ಕೆಲಸ ಇಲ್ಲದಾಗ ಕರೆಂಟ್ ಉಳಿಸಲು ನಿಧಾನ ಆಗುತ್ತವೆ, ಜೊತೆಗೆ ಟಿಎಸ್‌ಸಿಯೂ ನಿಧಾನ ಆಗುತ್ತದೆ. ರಾತ್ರಿ ಮಿಲ್ ಆಫೀಸಿನಲ್ಲಿ ಕೆಲಸ ಇಲ್ಲ, ಗಡಿಯಾರ ಹಿಂದೆ ಬೀಳುತ್ತದೆ. ನೀವು ಕೊಟ್ಟ ವಿವರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗ ಆದದ್ದು ಈ ರಾತ್ರಿ ಹಗಲಿನ ಮಾತೇ. ಬಿಲ್ ಹಿಂದು ಮುಂದಾಗುವುದಕ್ಕೂ ಇದೇ ಕಾರಣ. ಒಂದು ಬಿಲ್ ಈ ಪ್ರೊಸೆಸರ್ ಮೇಲೆ ಓಡಿತು, ಮುಂದಿನದು ಆ ಪ್ರೊಸೆಸರ್ ಮೇಲೆ.

ಖಾತ್ರಿ ಮಾಡಿಕೊಳ್ಳಲು ಟಾಸ್ಕ್‌ಸೆಟ್ ಕಮಾಂಡ್ ಬಳಸಿ. ಡೇಟ್ ಕಮಾಂಡನ್ನು ಮೊದಲು ಸೊನ್ನೆ ನಂಬರಿನ ಪ್ರೊಸೆಸರ್ ಮೇಲೆ, ತಕ್ಷಣ ಇನ್ನೊಂದರ ಮೇಲೆ, ಹೀಗೆ ಮೇಲಿಂದ ಮೇಲೆ ಓಡಿಸಿ. ನ್ಯಾನೋಸೆಕೆಂಡ್ ಸಮೇತ ಪ್ರಿಂಟ್ ಮಾಡಿಸಿ. ಕೆಲವು ಮಿಲಿಸೆಕೆಂಡ್ ಮುಂದೆ ಹೋಗುವುದು ಸಹಜ. ಎರಡನೆಯದು ಮೊದಲನೆಯದಕ್ಕಿಂತ ಹಿಂದಿನ ಟೈಮ್ ತೋರಿಸಿತೋ, ಕಳ್ಳ ಸಿಕ್ಕಿಬಿದ್ದ.

ಆಮೇಲೆ ಸಿಸ್ ಡೈರೆಕ್ಟರಿಯಲ್ಲಿ ಡಿವೈಸಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಕ್ಲಾಕ್‌ಸೋರ್ಸ್, ಕ್ಲಾಕ್‌ಸೋರ್ಸ್0 ಎಂದು ಇಳಿಯಿರಿ. ಕರ್ನೆಲ್ ಈಗ ಯಾವ ಗಡಿಯಾರ ನೋಡುತ್ತಿದೆ ಎಂದು ಒಂದು ಫೈಲ್, ಬೇರೆ ಯಾವ ಯಾವುದು ಇದೆ ಎಂಬ ಪಟ್ಟಿಯನ್ನು ಇನ್ನೊಂದು ಫೈಲ್ ಹೇಳುತ್ತದೆ. ಸಾಮಾನ್ಯವಾಗಿ ಎರಡು ಪ್ರೊಸೆಸರ್‌ನ ಎಎಂಡಿ ಮೆಷಿನ್‌ನಲ್ಲಿ ಕರ್ನೆಲ್ ತಾನಾಗಿ ಟಿಎಸ್‌ಸಿ ಆರಿಸುವುದಿಲ್ಲ. ಆದರೆ ಹಿಂದಿನವರು ವೇಗದ ಆಸೆಗೆ ಗ್ರಬ್ ಸಾಲಿನಲ್ಲಿ (ಬೂಟ್ ಆಗುವಾಗ ಕರ್ನೆಲ್‌ಗೆ ಆಯ್ಕೆಗಳನ್ನು ಹೇಳುವ ಸಾಲು) ಟಿಎಸ್‌ಸಿಯನ್ನು ಬಲವಂತವಾಗಿ ಸೇರಿಸಿರಬಹುದು. ನನ್ನ ಕೈಗೆ ಬಂದ ಮೆಷಿನ್‌ನಲ್ಲಿ ಆಗಿದ್ದು ಅದೇ. ಸೆಕೆಂಡ್ ಹ್ಯಾಂಡ್ ಸರ್ವರ್ ತಂದರೆ ಮೊದಲು ಆ ಸಾಲು ಓದಬೇಕು.

ಪಟ್ಟಿಯಲ್ಲಿ ಎಸಿಪಿಐ ಪಿಎಂ ಇದ್ದರೆ ಆ ಹೆಸರನ್ನೇ ಎಕೋ ಕಮಾಂಡ್‌ನಿಂದ ಮೊದಲ ಫೈಲ್‌ಗೆ, ಅಂದರೆ ಈಗಿನ ಗಡಿಯಾರ ಹೇಳುವ ಫೈಲ್‌ಗೆ, ಬರೆಯಿರಿ. ರೀಬೂಟ್ ಬೇಡ. ಇದು ಪ್ರೊಸೆಸರ್ ಹೊರಗೆ, ಬೋರ್ಡ್‌ನ ಚಿಪ್‌ಸೆಟ್‌ನಲ್ಲಿ ಇರುವ ಟೈಮರ್. ಎರಡು ಪ್ರೊಸೆಸರ್‌ಗೂ ಒಂದೇ, ಯಾರು ನಿದ್ದೆ ಮಾಡಿದರೂ ಇದರ ವೇಗ ಬದಲಾಗಲ್ಲ. ಓದಲು ಸ್ವಲ್ಪ ನಿಧಾನ, ಬಿಲ್ಲಿಂಗ್‌ಗೆ ಅದು ಗೊತ್ತೇ ಆಗಲ್ಲ. ಇದರ ವೇಗ 3.579545 ಮೆಗಾಹರ್ಟ್ಸ್. ಈ ಅಂಕಿ ಬಂದದ್ದು ಅಮೆರಿಕದ ಬಣ್ಣದ ಟಿವಿಯಿಂದ. ಆ ಕ್ರಿಸ್ಟಲ್‌ಗಳು ಅಗ್ಗವಾಗಿ ಸಿಗುತ್ತಿದ್ದವು, ಪಿಸಿ ಮಾಡಿದವರು ಅದನ್ನೇ ಹಿಡಿದರು. ಪಟ್ಟಿಯಲ್ಲಿ ಎಚ್‌ಪಿಇಟಿ (ಬೋರ್ಡ್‌ನ ಇನ್ನೊಂದು ಟೈಮರ್) ಇದ್ದರೆ ಅದೂ ಆಗುತ್ತದೆ.

ಸರಿಹೋಯಿತು ಎನಿಸಿದರೆ ಗ್ರಬ್ ಸಾಲಿನಲ್ಲೂ ಬದಲಿಸಿ, ಇಲ್ಲದಿದ್ದರೆ ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಹಳೆ ಕಥೆಯೇ. ಪಟ್ಟಿಯಲ್ಲಿ ಎಸಿಪಿಐ ಪಿಎಂ ಇಲ್ಲವೇ ಇಲ್ಲ ಎಂದರೆ ಅದೇ ಸಾಲಿನಲ್ಲಿ ಎಸಿಪಿಐ ಆಫ್ ಎಂದು ಇದೆಯಾ ಹುಡುಕಿ, ತೆಗೆದು ಬೂಟ್ ಮಾಡಿ. ಬರೀ ಜಿಫ್ಫೀಸ್ ಎಂದಿದ್ದರೆ ಕರ್ನೆಲ್ ಇಂಟರಪ್ಟ್ (ಟೈಮರ್ ಆಗಾಗ ಕಳಿಸುವ ಸಂಕೇತ) ಎಣಿಸಿಕೊಂಡು ಟೈಮ್ ನಡೆಸುತ್ತಿದೆ. ಆಗ ಹಳೆಯ ಐಡಿಇ ಡಿಸ್ಕ್ ಡಿಎಂಎ ಇಲ್ಲದೆ, ಅಂದರೆ ಡೇಟಾ ಸಾಗಿಸಲು ಪ್ರೊಸೆಸರನ್ನೇ ದುಡಿಸಿಕೊಂಡು, ಓಡಿದರೆ ಎಣಿಕೆ ತಪ್ಪುತ್ತದೆ, ಆದರೆ ಅದು ಕೆಲಸ ಜೋರಾದಾಗ. ನಿಮ್ಮದು ಉಲ್ಟಾ.

ಒಂದು ಕೆಲಸ ಮರೆಯಬೇಡಿ. ಎನ್‌ಟಿಪಿ ನಿಲ್ಲಿಸಿ, ಡ್ರಿಫ್ಟ್ ಫೈಲ್ (ಗಡಿಯಾರದ ವೇಗ ಎಷ್ಟು ತಿದ್ದಬೇಕು ಎಂದು ಎನ್‌ಟಿಪಿ ಬರೆದಿಡುವ ಫೈಲ್) ಅಳಿಸಿ, ಮತ್ತೆ ಶುರು ಮಾಡಿ. ಅದರೊಳಗೆ 500ರ ಹತ್ತಿರದ ಅಂಕಿ ಕೂತಿರುತ್ತದೆ. ಹಾಗೇ ಬಿಟ್ಟರೆ ಸರಿಯಾದ ಗಡಿಯಾರವನ್ನೂ ಅದು ಕೆಡಿಸಲು ನೋಡುತ್ತದೆ. ಕಾನ್ಫಿಗ್‌ನಲ್ಲಿ ಎರಡು ಟೈಮ್ ಸರ್ವರ್ ಬರೆದಿದ್ದರೆ ನಾಲ್ಕು ಮಾಡಿ. ಎರಡು ಜಗಳವಾಡಿದರೆ ಯಾವುದು ಸರಿ ಎಂದು ಅದಕ್ಕೆ ತಿಳಿಯುವುದಿಲ್ಲ. ಎನ್‌ಟಿಪಿ ಪೂಲ್‌ನಲ್ಲಿ (ಎಲ್ಲರಿಗೂ ತೆರೆದ ಟೈಮ್ ಸರ್ವರ್‌ಗಳ ಗುಂಪು) ಭಾರತದ್ದೇ ವಿಭಾಗ ಇದೆ, ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಟೈಮ್ ಸರ್ವರ್ ಕೂಡ ಇದೆ.

ಗಂಟೆಗೊಮ್ಮೆ ಎನ್‌ಟಿಪಿಡೇಟ್ (ಟೈಮನ್ನು ಒಮ್ಮೆ ತಿದ್ದಿ ಮುಗಿಸುವ ಕಮಾಂಡ್) ತಾನಾಗಿ ಓಡುವಂತೆ ಕ್ರಾನ್‌ನಲ್ಲಿ ಹಾಕಿ ಎಂದು ಸಲಹೆ ಬಂದೇ ಬರುತ್ತದೆ. ದಯವಿಟ್ಟು ಬೇಡ. ಟೈಮ್ ಹಾರುವುದು ನಿಲ್ಲಲ್ಲ, ಕಾರಣ ಮುಚ್ಚಿಹೋಗುತ್ತದೆ ಅಷ್ಟೇ. ಇನ್ನು ಪಂಚಿಂಗ್ ಮೆಷಿನ್, ಬೇರೆ ಪಿಸಿಗಳು ಈ ಸರ್ವರ್‌ನಿಂದಲೇ ಟೈಮ್ ತೆಗೆದುಕೊಳ್ಳುತ್ತಿದ್ದರೆ ಸದ್ಯಕ್ಕೆ ಬಿಡಿಸಿ. ಒಂದು ಪೂರ್ತಿ ರಾತ್ರಿ ಲಾಗ್‌ನಲ್ಲಿ ರೀಸೆಟ್ ಸಾಲು ಬರದಿದ್ದರೆ ಮತ್ತೆ ಜೋಡಿಸಿ. ಬಂದರೆ, ಡಿಮೆಸೇಜ್‌ನಲ್ಲಿ (ಕರ್ನೆಲ್‌ನ ಸಂದೇಶ ತೋರಿಸುವ ಕಮಾಂಡ್) ಕ್ಲಾಕ್‌ಸೋರ್ಸ್ ಎಂದಿರುವ ಸಾಲುಗಳನ್ನೂ ಗ್ರಬ್ ಸಾಲನ್ನೂ ಇಲ್ಲಿ ಹಾಕಿ, ನೋಡುತ್ತೇನೆ.