ತಿಂಗಳಿಗೆ ಎಷ್ಟು ಬರುತ್ತೆ ಅಂತ ಅಪ್ಪ ಕೇಳಿದರೆ

ನಿಮ್ಮ ಪತ್ರ ಓದಿ ಸ್ವಲ್ಪ ನಗು ಬಂತು, ತಪ್ಪು ತಿಳಿಯಬೇಡಿ. ನಿಮ್ಮ ಹೆಂಡತಿ ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನರ್ಸ್. ನೀವು ದಾವಣಗೆರೆಯ ಬ್ಯಾಂಕ್ ಕೆಲಸ ಬಿಟ್ಟು ಅವರ ಡಿಪೆಂಡೆಂಟ್ ವೀಸಾದಲ್ಲಿ ಬಂದು ನಾಲ್ಕು ತಿಂಗಳಾಯಿತು. ಸೈಕಲ್ ಮೇಲೆ ಊಟ ಡೆಲಿವರಿ ಮಾಡುತ್ತೀರಿ. ಒಂದು ವಾರ 410 ಪೌಂಡ್ ಬಂದರೆ ಮರುವಾರ 160. "ಅಣ್ಣಾ, ಅಪ್ಪ ಫೋನ್ ಮಾಡಿದಾಗಲೆಲ್ಲ ತಿಂಗಳಿಗೆ ಎಷ್ಟು ಬರುತ್ತಪ್ಪಾ ಅಂತಾರೆ, ಏನು ಹೇಳಲಿ? ಇಷ್ಟರಲ್ಲಿ ಸಂಸಾರ ಹೇಗೆ ನಡೆಸೋದು?" ಅಂತ ಕೇಳಿದ್ದೀರಿ. ನಮ್ಮಪ್ಪನೂ ಇದೇ ಪ್ರಶ್ನೆ ಕೇಳುತ್ತಿದ್ದರು. ಮಜಾ ಏನೆಂದರೆ, ಅವರ ಜೀವನದಲ್ಲಿ ಒಂದು ದಿನವೂ ಅವರಿಗೆ ತಿಂಗಳ ಸಂಬಳ ಅಂತ ಬಂದಿದ್ದೇ ಇಲ್ಲ.

ನಮ್ಮದು ಸಾಗರದ ಹತ್ತಿರ ಮೂರು ಎಕರೆ ಅಡಿಕೆ ತೋಟ. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಅಡಿಕೆ ಮಂಡಿಗೆ, ಅಂದರೆ ಅದನ್ನು ಮಾರಿಕೊಡುವ ವ್ಯಾಪಾರಿಯ ಅಂಗಡಿಗೆ, ಹೋದ ಮೇಲೆ ವರ್ಷಕ್ಕೊಮ್ಮೆ ದುಡ್ಡಿನ ಮುಖ ನೋಡುವುದು. ಅಪ್ಪ ಆ ದುಡ್ಡನ್ನು ಒಟ್ಟಿಗೆ ಮನೆಗೆ ತರುತ್ತಿರಲಿಲ್ಲ. ಮಂಡಿಯ ಲೆಕ್ಕದಲ್ಲೇ ಬಿಟ್ಟು, ತಿಂಗಳಿಗೆ ಇಷ್ಟು ಅಂತ ಹೋಗಿ ತರುತ್ತಿದ್ದರು. ರೇಟು ಏರಿದ ವರ್ಷವೂ ಅಷ್ಟೇ, ಕೊಳೆ ರೋಗ ಬಂದ ವರ್ಷವೂ ಹೆಚ್ಚುಕಡಿಮೆ ಅಷ್ಟೇ. ಒಳ್ಳೆಯ ವರ್ಷ ಅಮ್ಮ ಬಳೆ ಕೇಳಿದರೆ "ಮಂಡೀಲಿರೋದೆಲ್ಲ ನಮ್ಮದಲ್ಲ ಮಾರಾಯ್ತಿ" ಅನ್ನುತ್ತಿದ್ದರು. ಆಗ ಅಪ್ಪ ಜಿಪುಣ ಅಂತಲೇ ನನಗೆ ಅನಿಸುತ್ತಿತ್ತು.

ನಾನು 2011ರಲ್ಲಿ ಬಂದೆ. ಮೊದಲು ಮಾಡಿದ್ದು ಪಾರ್ಸೆಲ್ ಹಂಚುವ ಕೆಲಸ. ಒಂದು ಪಾರ್ಸೆಲ್‌ಗೆ ಇಷ್ಟು ಪೆನ್ಸ್ ಅಂತ ಲೆಕ್ಕ, ಕಾರು ನನ್ನದು, ಪೆಟ್ರೋಲ್ ನನ್ನದು. ಕ್ರಿಸ್‌ಮಸ್ ಮುಂಚೆ ದುಡ್ಡು ಹೊಳೆಯಾಗಿ ಹರಿಯಿತು. ಟಿವಿ ತಗೊಂಡೆ, ಊರಿಗೆ ಕಳಿಸಿದೆ. ತೆರಿಗೆ ಅಂತ ಒಂದಿದೆ ಅನ್ನುವುದು ಗೊತ್ತಿತ್ತು. ಆದರೆ ಅದು ಯಾವತ್ತೋ ಬರುವ ನೆಂಟ ಅಂದುಕೊಂಡಿದ್ದೆ.

ಆ ನೆಂಟ ಒಂದು ವರ್ಷ ಕಳೆದು ಜನವರಿಯಲ್ಲಿ ಬಂದ. 29ನೇ ತಾರೀಕು ರಾತ್ರಿ ಅಡುಗೆಮನೆಯ ಟೇಬಲ್ ಮೇಲೆ ಶೂ ಡಬ್ಬ ಸುರಿದೆ. ತುಂಬ ಪೆಟ್ರೋಲ್ ಬಂಕಿನ ರಸೀದಿಗಳು. ನೋಡಿದರೆ ಅರ್ಧಕ್ಕರ್ಧ ಬರೀ ಬಿಳಿ ಕಾಗದ! ಆ ಕಾಗದ ಬಿಸಿಲಿಗೆ ತಡೆಯುವುದಿಲ್ಲವಂತೆ. ತಿಂಗಳುಗಟ್ಟಲೆ ಡ್ಯಾಶ್‌ಬೋರ್ಡ್ ಮೇಲೆ ಬಿದ್ದು ಅಕ್ಷರವೆಲ್ಲ ಹಾರಿಹೋಗಿತ್ತು. ಹೆಂಡತಿ ಒಂದೊಂದನ್ನೇ ದೀಪಕ್ಕೆ ಹಿಡಿದು "ಇದು ಹದಿನೆಂಟೋ ಇಪ್ಪತ್ತೆಂಟೋ" ಅಂತ ಓದಲು ನೋಡುತ್ತಿದ್ದಳು. ಕಾರಿಗೆ ಮೈಲಿ ಲೆಕ್ಕದಲ್ಲೂ ಖರ್ಚು ತೋರಿಸಬಹುದು, ಮೊದಲ 10,000 ಮೈಲಿಗೆ 45 ಪೆನ್ಸ್‌ನಂತೆ, ಹಾಗೆ ಮಾಡಿದರೆ ಪೆಟ್ರೋಲ್ ರಸೀದಿಯೇ ಬೇಡ ಅನ್ನುವುದು ನನಗೆ ತಿಳಿದದ್ದು ಆಮೇಲೆ. ಈಗಂತೂ ಫೋನಿನಲ್ಲಿ ಒಂದು ಫೋಟೊ ಹೊಡೆದಿಟ್ಟರೆ ಸಾಕು.

ರಸೀದಿಗಿಂತ ದೊಡ್ಡ ಪೆಟ್ಟು ಬೇರೆಯೇ ಇತ್ತು. ಅದು ನಿಮಗೂ ಬೀಳುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಲ್ಲಿ ತೆರಿಗೆಯ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಅದು ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ಸ್ವಂತ ಉದ್ಯೋಗಿ ಅಂತ ತೆರಿಗೆ ಇಲಾಖೆಗೆ ತಿಳಿಸಬೇಕು. ಜನವರಿ 31ರೊಳಗೆ ಆನ್‌ಲೈನ್‌ನಲ್ಲಿ ರಿಟರ್ನ್ ಹಾಕಿ ದುಡ್ಡು ಕಟ್ಟಬೇಕು. ಖರ್ಚು ಕಳೆದು ಉಳಿದದ್ದರಲ್ಲಿ 12,570 ಪೌಂಡ್‌ವರೆಗೆ ತೆರಿಗೆ ಇಲ್ಲ. ಅದರ ಮೇಲೆ 20 ಪರ್ಸೆಂಟ್ ತೆರಿಗೆ, ಜೊತೆಗೆ 6 ಪರ್ಸೆಂಟ್ ನ್ಯಾಷನಲ್ ಇನ್ಶೂರೆನ್ಸ್, ಅಂದರೆ ಪಿಂಚಣಿ ಮುಂತಾದವಕ್ಕೆ ಸರ್ಕಾರಕ್ಕೆ ಕಟ್ಟುವ ಪಾಲು. ಅಂದರೆ ಆ ಗೆರೆ ದಾಟಿದ ಮೇಲೆ ನೂರಕ್ಕೆ ಇಪ್ಪತ್ತಾರು ಪೌಂಡ್ ನಿಮ್ಮದಲ್ಲ.

ನಿಮ್ಮ ಅಂಕಿ ನೋಡಿದರೆ ಪೂರ್ತಿ ವರ್ಷಕ್ಕೆ ಹೆಚ್ಚೆಂದರೆ 14,000 ಉಳಿಯಬಹುದು. ಅದಕ್ಕೆ ಬಿಲ್ ಬರುವುದು ಸುಮಾರು 372 ಪೌಂಡ್. ಓ ಇಷ್ಟೇನಾ ಅನಿಸುತ್ತದೆ. ಅಲ್ಲೇ ಮೋಸ ಹೋಗುವುದು. ಮುಂದೆ ಕೆಲಸ ಕುದುರಿ ಒಂದು ವರ್ಷ 22,000 ಉಳಿಯಿತು ಅಂದುಕೊಳ್ಳಿ. ಬಿಲ್ ಸುಮಾರು 2,450. ಬಿಲ್ 1,000 ದಾಟಿತು ಅಂದರೆ, ಇನ್ನೂ ಮುಗಿಯದ ಈ ವರ್ಷದ ಲೆಕ್ಕಕ್ಕೂ ಅದರ ಅರ್ಧವನ್ನು ಮುಂಗಡವಾಗಿ ಅದೇ ಜನವರಿ 31ಕ್ಕೆ ಕಟ್ಟಿ ಅನ್ನುತ್ತಾರೆ. 2,450ಕ್ಕೆ ಇನ್ನೊಂದು 1,225 ಸೇರಿ ಒಂದೇ ದಿನಕ್ಕೆ 3,675. ಜುಲೈ 31ಕ್ಕೆ ಮತ್ತೆ 1,225. ಕೆಲಸ ಇಳಿದಿದ್ದರೆ ಮುಂಗಡ ಕಮ್ಮಿ ಮಾಡಿ ಅಂತ ಅರ್ಜಿ ಹಾಕಬಹುದು. ಆದರೆ ಆ ರಾತ್ರಿ ಅಷ್ಟೆಲ್ಲ ಯಾರಿಗೆ ಗೊತ್ತು? ನಾನು ಕ್ರೆಡಿಟ್ ಕಾರ್ಡಿನಿಂದ ಮನೆ ಸಾಮಾನು ತಂದು, ಕೈಯಲ್ಲಿದ್ದ ನಗದನ್ನೆಲ್ಲ ತೆರಿಗೆಗೆ ಕಟ್ಟಿದೆ. ಆ ಕಾರ್ಡ್ ತೀರಿಸಲು ಹದಿನಾಲ್ಕು ತಿಂಗಳು ಬೇಕಾಯಿತು. ಊರಲ್ಲಿ ಮಂಡಿಯಿಂದ ಸಾಲ ಎತ್ತಿ ಇನ್ನೂ ಸಿಂಗಾರ (ಅಡಿಕೆಯ ಹೂಗೊನೆ) ಒಡೆಯದ ಫಸಲನ್ನು ಉಣ್ಣುವವರನ್ನು ಅಪ್ಪ ಬೈಯುತ್ತಿದ್ದರು. ನಾನು ಮಾಡಿದ್ದೂ ಅದೇ ಅಲ್ವಾ?

ಆ ಚಳಿಗಾಲದಲ್ಲೇ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆದು, ಆ್ಯಪ್‌ನಲ್ಲಿ ಅದಕ್ಕೆ 'ಮಂಡಿ' ಅಂತ ಹೆಸರಿಟ್ಟೆ. ಬಂದದ್ದೆಲ್ಲ ಮೊದಲು ಅಲ್ಲಿಗೆ. ಮನೆ ಖರ್ಚಿನ ಖಾತೆಗೆ ತಿಂಗಳ ಒಂದನೇ ತಾರೀಕು ಒಂದೇ ಮೊತ್ತ. ಆ ಮೊತ್ತ ಎಷ್ಟಿರಬೇಕು? ಸರಾಸರಿ ತೆಗೆಯಬೇಡಿ. ಎಲ್ಲರೂ ಅಲ್ಲೇ ಎಡವುವುದು. ಹಿಂದಿನ ತಿಂಗಳುಗಳಲ್ಲಿ ತೀರಾ ಕೆಟ್ಟದ್ದು ಯಾವುದೋ ಅದಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ರೆಡಿಂಗ್‌ನಲ್ಲಿ ಜೂನ್ ಬಂತೆಂದರೆ ಯೂನಿವರ್ಸಿಟಿ ಹುಡುಗರು ಊರಿಗೆ ಹೋಗುತ್ತಾರೆ. ಬಿಸಿಲಿರುವ ಸಂಜೆ ಜನ ತಾವೇ ಹೊರಗೆ ಹೋಗಿ ತಿನ್ನುತ್ತಾರೆ. ನಿಮಗೆ ಆರ್ಡರ್ ಜಾಸ್ತಿ ಬರುವುದು ಮಳೆ ಹೊಯ್ಯುವ ರಾತ್ರಿ. ನವೆಂಬರ್‌ನ 410 ನೋಡಿ ಜುಲೈನ ಬಾಡಿಗೆಗೆ ಕೈ ಹಾಕಬೇಡಿ.

ಬಾಡಿಗೆ ಅಂದಾಗ ನೆನಪಾಯಿತು. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್ (ವಾಸದ ಮನೆಗೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆ), ಕರೆಂಟು ಇವೆಲ್ಲ ಹೆಂಡತಿಯ ಸಂಬಳದಿಂದ ಹೋಗಲಿ. ನಿಮ್ಮ ದುಡ್ಡು ದಿನಸಿಗೆ, ಊರಿಗೆ, ಉಳಿತಾಯಕ್ಕೆ. ಇದನ್ನು ಹೇಳಿದರೆ ನಮ್ಮ ಗಂಡಸರ ಮುಖ ಸಪ್ಪೆಯಾಗುತ್ತದೆ, ನೋಡಿದ್ದೇನೆ. ಗತ್ತು ಆಮೇಲೆ ಮಾಡೋಣ. ಮನೆ ಬದಲಿಸುವಾಗಲೂ ಏಜೆಂಟರು ಮೊದಲು ಕೇಳುವುದು ಅವರ ಸಂಬಳದ ಚೀಟಿಯನ್ನೇ. ನಿಮ್ಮಂಥ, ನನ್ನಂಥವರ ಆದಾಯವನ್ನು ಸಾಲ ಕೊಡುವವರು ಸಾಮಾನ್ಯವಾಗಿ ನಂಬುವುದು ಎರಡು ವರ್ಷದ ತೆರಿಗೆ ಲೆಕ್ಕ ತೋರಿಸಿದ ಮೇಲೆ. ಅಂದಹಾಗೆ, ಕೌನ್ಸಿಲ್ ಟ್ಯಾಕ್ಸನ್ನು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿಯವರೆಗೆ ಹತ್ತು ಕಂತಲ್ಲಿ ಕಟ್ಟುವುದು. ಫೆಬ್ರವರಿ, ಮಾರ್ಚ್ ಖಾಲಿ. ಜನವರಿಯ ಹೊಡೆತದ ಮೇಲೆ ಅದೊಂದು ಸಣ್ಣ ಉಸಿರು.

ಇಲ್ಲಿಯವರೇ ಆದ ಡೆಲಿವರಿ ಹುಡುಗರು "ಕಮ್ಮಿ ಬಂದ ತಿಂಗಳು ಯೂನಿವರ್ಸಲ್ ಕ್ರೆಡಿಟ್ ಬರುತ್ತೆ ಬಿಡು" ಅಂತ ಹೇಳಿದರೆ ನಂಬಿ ಅರ್ಜಿ ಹಾಕೀರಿ, ಜೋಕೆ. ಅದು ಕಮ್ಮಿ ಆದಾಯದವರಿಗೆ ಕೊಡುವ ಸರ್ಕಾರಿ ನೆರವು, ನಿಮ್ಮ ವೀಸಾ ಮೇಲೆ ಅಂಥ ನೆರವು ಇಲ್ಲ ಅಂತ ಷರತ್ತಿದೆ. ಜ್ವರ ಬಂದು ಮಲಗಿದರೆ ಸಂಬಳವೂ ಇಲ್ಲ. 2021ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರನ್ನು ಕಾರ್ಮಿಕರು ಅಂದಿತು, ಅವರಿಗೆ ರಜೆಯ ದುಡ್ಡು ಬಂತು. 2023ರಲ್ಲಿ ಊಟ ತಲುಪಿಸುವ ಡೆಲಿವರೂ ಕಂಪನಿಯ ಸವಾರರ ಯೂನಿಯನ್ ಕೇಸಿನಲ್ಲಿ ಅದೇ ಕೋರ್ಟ್ ಬೇರೆ ಥರ ಹೇಳಿತು. ಕೆಲಸವನ್ನು ಇನ್ನೊಬ್ಬರ ಕೈಲಿ ಮಾಡಿಸುವ ಸ್ವಾತಂತ್ರ್ಯ ಅವರಿಗಿತ್ತಲ್ಲ, ಅದೇ ಮುಖ್ಯ ಕಾರಣ. ಆ ಸ್ವಾತಂತ್ರ್ಯದ ಹೆಸರಲ್ಲಿ ಯಾರಾದರೂ ವಾರಕ್ಕಿಷ್ಟು ಅಂತ ನಿಮ್ಮ ಅಕೌಂಟ್ ಬಾಡಿಗೆಗೆ ಕೇಳಿದರೆ ಕೊಡಬೇಡಿ. ಸ್ಟೂಡೆಂಟ್ ವೀಸಾದ ಹುಡುಗನಿಗಂತೂ ಬೇಡವೇ ಬೇಡ. ಅವರಿಗೆ ಸ್ವಂತ ಉದ್ಯೋಗಕ್ಕೆ ಅನುಮತಿಯೇ ಇಲ್ಲ. ಸೈಕಲ್ಲಿಗೆ ಮೋಟಾರ್ ಕಟ್ಟಿಸುವ ಯೋಚನೆಯಿದ್ದರೆ 250 ವ್ಯಾಟ್, ಗಂಟೆಗೆ 15.5 ಮೈಲಿ, ಅದರ ಮೇಲೆ ಹೋದರೆ ಪೊಲೀಸರು ಗಾಡಿ ಎತ್ತಿಕೊಂಡು ಹೋಗುತ್ತಾರೆ.

ದಾವಣಗೆರೆಯ ಲೈಸೆನ್ಸ್‌ನಲ್ಲಿ ಇಲ್ಲಿ ಕಾರು ಓಡಿಸಲು ಬಂದ ಮೇಲೆ ಹನ್ನೆರಡು ತಿಂಗಳು ಮಾತ್ರ ಅವಕಾಶ. ಈಗಲೇ ಪ್ರೊವಿಷನಲ್ (ಕಲಿಯುವವರ) ಲೈಸೆನ್ಸ್‌ಗೆ ಹಾಕಿ, ಟೆಸ್ಟ್ ತಾರೀಕು ಸಿಗುವುದೇ ಕಷ್ಟ. ಕಾರಿನಲ್ಲಿ ಡೆಲಿವರಿ ಮಾಡುವುದಾದರೆ ಮಾಮೂಲಿ ವಿಮೆ ನಡೆಯುವುದಿಲ್ಲ, ಬಾಡಿಗೆ ಸಾಗಣೆಯದ್ದೇ ಬೇಕು. ಹೊಸದಾಗಿ ಲೈಸೆನ್ಸ್ ಪಡೆದ ಎರಡು ವರ್ಷದೊಳಗೆ ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಆರು ಪೆನಾಲ್ಟಿ ಪಾಯಿಂಟ್, ಲೈಸೆನ್ಸೇ ಹೋಯಿತು.

ನಾನು ಈಗ ಡ್ರೈವಿಂಗ್ ಕಲಿಸುತ್ತೇನೆ. ಸ್ವಂತ ಕೆಲಸವೇ, ಆದಾಯದ ಏರಿಳಿತ ಇದರಲ್ಲೂ ತಪ್ಪಲಿಲ್ಲ. ಬೆಳಗ್ಗೆ ಏಳು ಗಂಟೆಗೆ ಹುಡುಗಿಯ ಮನೆ ಮುಂದೆ ಹೀಟರ್ ಹಾಕಿಕೊಂಡು ಕಾಯುತ್ತಿರುತ್ತೇನೆ, ಮೊಬೈಲ್‌ಗೆ "ಸಾರಿ, ಇವತ್ತು ಹುಷಾರಿಲ್ಲ" ಅಂತ ಮೆಸೇಜ್. ಎರಡು ಗಂಟೆಯ ದುಡ್ಡು ಗೋವಿಂದ. ಶುರುವಿನಲ್ಲಿ ಹತ್ತು ಪಾಠದ ದುಡ್ಡು ಒಟ್ಟಿಗೆ ಕೊಡುವವರನ್ನು ಕಂಡರೆ ಖುಷಿ. ಒಬ್ಬ ಹುಡುಗ ಮೂರು ಪಾಠ ಮುಗಿಸಿ ಬೇರೆ ಊರಿಗೆ ಹೊರಟ. ಏಳು ಪಾಠದ ದುಡ್ಡು ವಾಪಸ್ ಕೇಳಿದಾಗ ನನ್ನ ಕೈಯಲ್ಲಿ ಇರಲಿಲ್ಲ, ಖರ್ಚಾಗಿತ್ತು. ಈಗ ಮುಂಗಡ ಬಂದರೆ ಅದು ಮಂಡಿಗೂ ಹೋಗುವುದಿಲ್ಲ, ಬೇರೆಯೇ ಇರುತ್ತದೆ. ಪಾಠ ಮುಗಿದಂತೆ ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ.

ಅಪ್ಪನಿಗೆ ಏನು ಹೇಳುವುದು ಅಂತ ತಾನೇ ಕೇಳಿದ್ದು? ಗಳಿಕೆಯ ಅಂಕಿ ಹೇಳಬೇಡಿ. ಒಂದನೇ ತಾರೀಕು ಎತ್ತಿಕೊಳ್ಳುವ ಅಂಕಿ ಹೇಳಿ. ಎಷ್ಟೋ ವರ್ಷ ನಾನು ಫೋನಿನಲ್ಲಿ "ಒಂದೊಂದು ತಿಂಗಳು ಒಂದೊಂದು ಥರ" ಅಂದಾಗಲೆಲ್ಲ ಅಪ್ಪ ಸುಮ್ನೆ ಹೂಂಗುಟ್ಟುತ್ತಿದ್ದರು. ಒಂದು ದಿನ "ಮಂಡಿಯಿಂದ ತಿಂಗಳಿಗೆ 1,100 ತಗೋತೀನಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಮಂಡೀಲಿ ಎಷ್ಟು ಉಳಿದಿದೆ?"