ದವಡೆ ಸರಿಪಡಿಸುವ ಶಸ್ತ್ರಚಿಕಿತ್ಸೆಯ ನಂತರ ಮೇಲ್ದವಡೆಯ ಮೂಳೆ ನಾಶವಾದರೆ ಅದನ್ನು ಮತ್ತೆ ಕಟ್ಟಬಹುದೇ?

ಕಟ್ಟಬಹುದು, ಆದರೆ ಅವಸರ ಸಲ್ಲದು.

ಮೇಲ್ದವಡೆಯನ್ನು ಸರಿಪಡಿಸುವ ಲೆ ಫೋರ್ಟ್ ೧ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಹಲ್ಲುಗಳ ಬೇರಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಕೊಯ್ದು ಮೇಲ್ದವಡೆಯನ್ನು ಬಿಡಿಸಿಕೊಳ್ಳುತ್ತಾರೆ. ಆಗ ಅದಕ್ಕೆ ರಕ್ತ ಬರುವುದು ಮುಖ್ಯವಾಗಿ ಅಂಗುಳಿನ ಮೃದು ಅಂಗಾಂಶದ ಮೂಲಕ. ದವಡೆಯನ್ನು ಹಲವು ತುಂಡು ಮಾಡಿದ್ದರೆ, ಬಹಳ ಮುಂದಕ್ಕೆ ಎಳೆದಿದ್ದರೆ, ಸೀಳಂಗುಳಿನ ಹಳೆಯ ಗಾಯದ ಕಲೆ ಇದ್ದರೆ, ರೋಗಿ ಧೂಮಪಾನಿಯಾಗಿದ್ದರೆ ಈ ಹರಿವು ಕುಂದಿ ಮೂಳೆ ಸಾಯಬಹುದು. ಇದು ಅಪರೂಪ.

ಮೊದಲು ಸತ್ತ ಭಾಗ ಎಲ್ಲಿಯವರೆಗಿದೆ ಎಂಬುದು ಸ್ಪಷ್ಟವಾಗಬೇಕು. ಅದನ್ನು ತೆಗೆದು, ಸೋಂಕು ತಗ್ಗಿಸಿ, ಸಿ.ಟಿ. ಸ್ಕ್ಯಾನ್ ನೋಡಿ ಯೋಜನೆ ಹಾಕುತ್ತಾರೆ. ಕೊರತೆ ಸಣ್ಣದಾಗಿದ್ದು ಸುತ್ತಲಿನ ಅಂಗಾಂಶ ಆರೋಗ್ಯವಾಗಿದ್ದರೆ ಸೊಂಟದ ಮೂಳೆಯ ತುಂಡು ಸಾಕಾಗಬಹುದು. ಆದರೆ ಅಂಥ ಕಸಿ ಬದುಕುವುದು ನೆರೆಯ ರಕ್ತದಿಂದಲೇ. ಇಲ್ಲಿ ಕೈಕೊಟ್ಟದ್ದೂ ಆ ರಕ್ತವೇ! ಆದ್ದರಿಂದ ದೊಡ್ಡ ಕೊರತೆಗೆ ಕಾಲಿನ ಫಿಬ್ಯುಲಾ ಮೂಳೆಯನ್ನು ಅದರ ರಕ್ತನಾಳದೊಂದಿಗೇ ತಂದು, ಸೂಕ್ಷ್ಮದರ್ಶಕದಡಿ ಕುತ್ತಿಗೆಯ ಅಥವಾ ಮುಖದ ನಾಳಗಳಿಗೆ ಹೊಲಿಯುವುದೇ ಹೆಚ್ಚು ಭರವಸೆಯ ದಾರಿ ಎನ್ನುವುದು ನನ್ನ ಅಭಿಪ್ರಾಯ. ಮೂಳೆ ಹೋದಲ್ಲಿ ಅಂಗುಳಿನಲ್ಲಿ ರಂಧ್ರ ಉಳಿದಿದ್ದರೆ, ಜೊತೆಗೆ ತಂದ ಚರ್ಮದಿಂದ ಅದನ್ನೂ ಮುಚ್ಚಬಹುದು. ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಆ ಹೊಸ ಮೂಳೆಯಲ್ಲಿ ಹಲ್ಲಿನ ಇಂಪ್ಲಾಂಟ್ (ಕೃತಕ ಹಲ್ಲನ್ನು ಹಿಡಿದಿಡುವ ತಿರುಪು) ಕೂರಿಸುತ್ತಾರೆ.

ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಕೆನ್ನೆಮೂಳೆಗೆ ಬಿಗಿಯುವ ಉದ್ದನೆಯ ಇಂಪ್ಲಾಂಟ್‌ಗಳಿವೆ. ರಂಧ್ರ ಮುಚ್ಚುವ, ತೆಗೆದು ಹಾಕಬಹುದಾದ ಕೃತಕ ದಂತಪಟ್ಟಿಯೂ ಇದೆ. ಯಾವುದನ್ನೇ ಆರಿಸಿಕೊಂಡರೂ ಬಾಯಿ–ದವಡೆ ಶಸ್ತ್ರಚಿಕಿತ್ಸಕರು ಮತ್ತು ಕೃತಕ ದಂತ ತಜ್ಞರು ಮೊದಲ ದಿನದಿಂದಲೇ ಜೊತೆಗಿರಲಿ.