ಔಷಧಿ ಹಿಡಿಯುತ್ತಿಲ್ಲವೇ? ರಕ್ತದ ಕ್ಯಾನ್ಸರ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಮಾತು ಕೇಳುತ್ತವೆ: ಕೊಟ್ಟ ಔಷಧಿ ಏಕೆ ಹಿಡಿಯುತ್ತಿಲ್ಲ? ಕಾರಣ ಒಂದೇ ಅಲ್ಲ. ಆದ್ದರಿಂದ ಒಂದೊಂದು ಪತ್ರವನ್ನೂ ಬೇರೆಯಾಗಿಯೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಎಂ.ಡಿ.ಎಸ್. (ಅಸ್ಥಿಮಜ್ಜೆ ಸರಿಯಾಗಿ ರಕ್ತಕಣ ತಯಾರಿಸದ ರೋಗ) ಎಂದು ಹೇಳಿ ಅಜಾಸಿಟಿಡಿನ್ ಇಂಜೆಕ್ಷನ್ ಶುರು ಮಾಡಿದ್ದಾರೆ. ಎರಡು ಸೈಕಲ್ ಮುಗಿದಿದೆ. ಪ್ಲೇಟ್‌ಲೆಟ್ ಮೊದಲಿಗಿಂತ ಇಳಿದಿದೆ, ಎರಡು ಸಲ ರಕ್ತ ಹಾಕಿಸಿದ್ದೂ ಆಯಿತು. ಇದು ಹಿಡಿಯುವ ಔಷಧಿ ಅಲ್ಲ, ನಿಲ್ಲಿಸಿಬಿಡಿ ಎಂದು ಸಂಬಂಧಿಕರು ಹೇಳುತ್ತಿದ್ದಾರೆ. ಏನು ಮಾಡಲಿ? — ಬಸವನಗುಡಿ

ಉತ್ತರ: ಈ ಒಂದು ಕಾರಣಕ್ಕೆ ನಿಲ್ಲಿಸಬೇಡಿ. ಎರಡೇ ಸೈಕಲ್‌ನಲ್ಲಿ ಅಳೆಯಬಹುದಾದ ಔಷಧಿ ಇದಲ್ಲ.

ಜೀವಕೋಶ ಎರಡಾಗುವಾಗ ಡಿ.ಎನ್.ಎ. ನಕಲಾಗುತ್ತದೆ. ಹಳೆಯ ಎಳೆಯ ಮೇಲಿದ್ದ ಮೀಥೈಲ್ ಗುರುತುಗಳನ್ನು (ಜೀನನ್ನು ಮುಚ್ಚಿಡುವ ರಾಸಾಯನಿಕ ಗುರುತುಗಳು) ಹೊಸ ಎಳೆಗೆ ಇಳಿಸುವ ಕೆಲಸ ಡಿ.ಎನ್.ಎಂ.ಟಿ.1 ಎಂಬ ಕಿಣ್ವದ್ದು. ಅಜಾಸಿಟಿಡಿನ್ ಹೊಸ ಎಳೆಯೊಳಗೆ ಸೇರಿಕೊಂಡು ಆ ಕಿಣ್ವವನ್ನು ಅಲ್ಲೇ ಅಂಟಿಸಿ ಹಿಡಿಯುತ್ತದೆ. ಗುರುತು ಇಳಿಯುವುದು ನಿಂತಾಗ, ಕ್ಯಾನ್ಸರ್ ಮುಚ್ಚಿಟ್ಟಿದ್ದ ಜೀನುಗಳು ಮತ್ತೆ ತೆರೆದುಕೊಳ್ಳುತ್ತವೆ. ಆದರೆ ಇದು ನಡೆಯುವುದು ಕೋಶ ವಿಭಜನೆಗೆ ತೊಡಗಿದಾಗ ಮಾತ್ರ. ಔಷಧಿಯ ಅರ್ಧಾಯು ಒಂದು ಗಂಟೆಗೂ ಕಡಿಮೆ. ಇಂದು ಸುಮ್ಮನಿದ್ದ ಕೋಶ ನಾಳೆಯೋ ನಾಡಿದ್ದೋ ವಿಭಜನೆಗೆ ಇಳಿದಾಗ ಔಷಧಿ ಸಿಗಬೇಕು. ಅದಕ್ಕೇ ಏಳು ದಿನ, ಮತ್ತೆ 28 ದಿನಕ್ಕೊಮ್ಮೆ ಪುನರಾವರ್ತನೆ. ಡೋಸ್ ಹೆಚ್ಚಿಸಿದರೆ ಬೇಗ ಹಿಡಿಯುತ್ತದೆ ಎಂಬ ಎಣಿಕೆ ತಪ್ಪು. ಹೆಚ್ಚಿನ ಡೋಸ್ ಕೋಶಗಳನ್ನು ಕೊಲ್ಲುತ್ತದೆ, ಗುರುತು ಅಳಿಸುವ ಕೆಲಸ ಹಿಂದೆ ಬೀಳುತ್ತದೆ.

2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಅಪಾಯ ಹೆಚ್ಚಿರುವ ಎಂ.ಡಿ.ಎಸ್. ಇದ್ದವರ ಬದುಕಿನ ಮಧ್ಯಾಂಕ (ಅರ್ಧದಷ್ಟು ಮಂದಿ ಬದುಕಿದ್ದ ಅವಧಿ) ಅಜಾಸಿಟಿಡಿನ್ ಪಡೆದವರಲ್ಲಿ 24.5 ತಿಂಗಳು, ಉಳಿದ ಚಿಕಿತ್ಸೆ ಪಡೆದವರಲ್ಲಿ 15 ತಿಂಗಳು. ಫಲ ಕಂಡವರಲ್ಲಿ ಶೇ. 91 ಮಂದಿಗೆ ಅದು ಮೊದಲು ಕಾಣಿಸಿದ್ದು ಆರನೇ ಸೈಕಲ್‌ನೊಳಗೆ. ಹಾಗಾಗಿ ಕನಿಷ್ಠ ನಾಲ್ಕು, ಸಾಧ್ಯವಾದರೆ ಆರು ಸೈಕಲ್ ಆಗದೆ ತೀರ್ಮಾನ ಬೇಡ. ಬ್ಲಾಸ್ಟ್ ಎಂಬ ಬಲಿಯದ ರೋಗದ ಕೋಶಗಳು ಸ್ಪಷ್ಟವಾಗಿ ಏರುತ್ತಿದ್ದರೆ ಮಾತ್ರ ಲೆಕ್ಕ ಬೇರೆ. ಮೊದಲೆರಡು ಸೈಕಲ್‌ನಲ್ಲಿ ಪ್ಲೇಟ್‌ಲೆಟ್, ಬಿಳಿಕಣ ಇಳಿಯುವುದು ಸಾಮಾನ್ಯ. ರೋಗದ ಕೋಶಗಳು ತೆರವಾಗಿ, ಒಳ್ಳೆಯವು ಆ ಜಾಗಕ್ಕೆ ಇನ್ನೂ ಬಂದಿರುವುದಿಲ್ಲ. ಈ ಅವಧಿಯಲ್ಲಿ ಥರ್ಮಾಮೀಟರ್ ಕೈಗೆ ಸಿಗುವಂತಿರಲಿ. 100.4 ಫ್ಯಾರನ್‌ಹೀಟ್ ಮುಟ್ಟಿತೆಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.

ಔಷಧಿ ಸರಿಯಾಗಿ ಮೈಗೆ ಸೇರುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಇದನ್ನು ಯಾರೂ ಕೇಳುವುದಿಲ್ಲ ಎಂಬುದು ನಮಗೆ ಬೇಸರದ ಸಂಗತಿ. ಡೋಸ್ ಪ್ರತಿ ಚದರ ಮೀಟರ್ ಮೈ ವಿಸ್ತೀರ್ಣಕ್ಕೆ 75 ಮಿ.ಗ್ರಾಂ. ವಿಸ್ತೀರ್ಣ 1.6 ಇದ್ದರೆ ದಿನಕ್ಕೆ 120 ಮಿ.ಗ್ರಾಂ. ಚರ್ಮದಡಿಗೆ ಕೊಡುವುದಾದರೆ 100 ಮಿ.ಗ್ರಾಂ. ವಯಲ್‌ಗೆ 4 ಮಿ.ಲೀ. ಸ್ಟೆರೈಲ್ ನೀರು ಬೆರೆಸುತ್ತಾರೆ. ಆಗ ಒಂದು ಮಿ.ಲೀ.ಗೆ 25 ಮಿ.ಗ್ರಾಂ. ಬರುತ್ತದೆ, 120 ಮಿ.ಗ್ರಾಂಗೆ 4.8 ಮಿ.ಲೀ. ನಾಲ್ಕು ಮಿ.ಲೀ. ದಾಟಿದ್ದರಿಂದ ಎರಡು ಸಿರಿಂಜ್, ಎರಡು ಜಾಗ. ಬೆರೆಸಿದ ದ್ರವ ಮಜ್ಜಿಗೆಯಂತೆ ಮಂಕಾಗಿಯೇ ಇರುತ್ತದೆ, ಅದನ್ನು ಸೋಸಬಾರದು. ಸಿರಿಂಜ್ ಇಟ್ಟಲ್ಲೇ ಇದ್ದರೆ ಔಷಧಿ ತಳ ಸೇರುತ್ತದೆ. ಚುಚ್ಚುವ ಮುನ್ನ ಎರಡು ಮೂರು ಸಲ ತಿರುವಿ, ಅಂಗೈಗಳ ನಡುವೆ ಅರ್ಧ ನಿಮಿಷ ಚೆನ್ನಾಗಿ ಹೊರಳಿಸಬೇಕು. ಹೊರಗಿಟ್ಟರೆ ಒಂದು ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಅದಕ್ಕಿಂತ ತಡವಾಗುವಂತಿದ್ದರೆ ಬೆರೆಸಿದ ಕೂಡಲೇ ಫ್ರಿಜ್‌ಗೆ ಸೇರಬೇಕು, ಅಲ್ಲೂ ಎಂಟು ಗಂಟೆ ಮಾತ್ರ. ಬೆಳಿಗ್ಗೆ ಬೆರೆಸಿ ಮೇಜಿನ ಮೇಲಿಟ್ಟು ಮಧ್ಯಾಹ್ನ ಕೊಟ್ಟರೆ ಔಷಧಿ ಒಡೆದುಹೋಗಿರುತ್ತದೆ. ಪ್ರತಿದಿನದ ಚುಚ್ಚು ಹಿಂದಿನದಕ್ಕಿಂತ ಕನಿಷ್ಠ ಒಂದು ಇಂಚು ದೂರ ಇರಲಿ. ಭಾನುವಾರ ಡೇ ಕೇರ್ ಮುಚ್ಚಿದ್ದರೆ ಐದು ದಿನ ಕೊಟ್ಟು, ಎರಡು ದಿನ ಬಿಟ್ಟು, ಮತ್ತೆರಡು ದಿನ ಕೊಡುವ ಕ್ರಮ ಬಳಕೆಯಲ್ಲಿದೆ. ಆರನೆಯ, ಏಳನೆಯ ಡೋಸ್ ಬಿಟ್ಟೇಬಿಡುವುದಕ್ಕಿಂತ ಅದು ಎಷ್ಟೋ ವಾಸಿ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಮ್ಯುಟೇಶನ್ (ಜೀನಿನ ಬರಹದಲ್ಲೇ ಬದಲಾವಣೆ) ಆಗದೆಯೇ ಕ್ಯಾನ್ಸರ್ ಕೋಶ ಔಷಧಿಗೆ ಬಗ್ಗದಿರಲು ಸಾಧ್ಯವೇ? — ಮಲ್ಲೇಶ್ವರ

ಉತ್ತರ: ಸಾಧ್ಯ. ರಕ್ತದ ಕ್ಯಾನ್ಸರ್‌ನಲ್ಲಿ ಇದು ಬಹಳ ಮುಖ್ಯವಾದ ಪ್ರಶ್ನೆ.

ಒಂದು ಕೋಶದ ಡಿ.ಎನ್.ಎ. ಬಿಡಿಸಿ ಹಿಡಿದರೆ ಸುಮಾರು ಎರಡು ಮೀಟರ್. ಕಂಡಿಕೆಗೆ ನೂಲು ಸುತ್ತಿದ ಹಾಗೆ ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಭಾಗದ ಜೀನನ್ನು ಕೋಶ ಓದಲಾರದು, ಸಡಿಲ ಇದ್ದದ್ದನ್ನು ಓದುತ್ತದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಹೇಳುವ ರಾಸಾಯನಿಕ ಗುರುತುಗಳೇ ಎಪಿಜೆನೆಟಿಕ್ಸ್‌ನ ವಿಷಯ. ನೂಲು ಅದೇ, ಸುತ್ತು ಬೇರೆ. ಔಷಧಿ ಬಿದ್ದಾಗ ಕೆಲವೇ ಕೋಶಗಳು ಸುತ್ತು ಬದಲಿಸಿಕೊಂಡು ಬೆಳವಣಿಗೆ ನಿಲ್ಲಿಸಿ ಕುಳಿತುಬಿಡುತ್ತವೆ. ಔಷಧಿ ನಿಂತ ಮೇಲೆ ಮತ್ತೆ ಬೆಳೆಯುತ್ತವೆ, ಮರಿಗಳಲ್ಲಿ ಹಲವು ಮತ್ತೆ ಅದೇ ಔಷಧಿಗೆ ಬಗ್ಗುತ್ತವೆ. ಮ್ಯುಟೇಶನ್ ಆಗಿದ್ದರೆ ಹೀಗೆ ಹಿಂದಿರುಗುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ಇದೆ. ಈ ಗುರುತು ಹಾಕುವ, ಅಳಿಸುವ ಕೆಲಸಕ್ಕೆ ಸಂಬಂಧಿಸಿದ ಜೀನುಗಳಲ್ಲೇ ರಕ್ತದ ಕ್ಯಾನ್ಸರ್‌ನ ಮ್ಯುಟೇಶನ್‌ಗಳು ಹೇರಳ: ಡಿ.ಎನ್.ಎಂ.ಟಿ.3ಎ, ಟಿ.ಇ.ಟಿ.2, ಐ.ಡಿ.ಎಚ್.1 ಮತ್ತು 2, ಎ.ಎಸ್.ಎಕ್ಸ್.ಎಲ್.1, ಇ.ಝಡ್.ಎಚ್.2. ಐ.ಡಿ.ಎಚ್. ಕೆಟ್ಟಾಗ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತು ಕೋಶದಲ್ಲಿ ತುಂಬಿಕೊಂಡು, ಗುರುತು ಅಳಿಸುವ ಟಿ.ಇ.ಟಿ.2ರ ಕೈ ಕಟ್ಟುತ್ತದೆ. ಹೀಗೆ ಎರಡು ಬೇರೆ ಜೀನುಗಳ ತಪ್ಪು ಒಂದೇ ಕಡೆ ಮುಟ್ಟುತ್ತದೆ.

ಪ್ರಶ್ನೆ: ಅಜಾಸಿಟಿಡಿನ್ ಎಂಟು ಸೈಕಲ್ ಆದ ಮೇಲೆ ರೋಗ ಮರುಕಳಿಸಿದೆ. ಡೆಸಿಟಬಿನ್‌ಗೆ ಬದಲಿಸಬಹುದೇ? ಬೋನ್ ಮ್ಯಾರೋ ಮತ್ತೆ ಏಕೆ ತೆಗೆಯಬೇಕು? ಅಮ್ಮ ನೋವಿಗೆ ಹೆದರುತ್ತಾರೆ. — ಜಯನಗರ

ಉತ್ತರ: ಎರಡೂ ಒಂದೇ ಜಾತಿಯವು, ಆದರೆ ಕೋಶದೊಳಗೆ ಚಾಲೂ ಆಗುವ ದಾರಿ ಬೇರೆ. ಅಜಾಸಿಟಿಡಿನ್‌ಗೆ ಯು.ಸಿ.ಕೆ.2 ಕಿಣ್ವ ಬೇಕು, ಡೆಸಿಟಬಿನ್‌ಗೆ ಡಿ.ಸಿ.ಕೆ. ಬೇಕು. ರೋಗದ ಕೋಶ ಒಂದು ದಾರಿ ಮುಚ್ಚಿಕೊಂಡರೆ ಇನ್ನೊಂದು ತೆರೆದಿರಬಹುದು ಎಂಬುದು ಪ್ರಯೋಗಾಲಯದಲ್ಲಿ ಕಂಡ ಮಾತು. ರೋಗಿಗಳಲ್ಲಿ ಮಾತ್ರ ಬರೀ ಬದಲಾಯಿಸಿದ್ದರಿಂದ ಫಲ ಸಿಗುವುದು ಕಡಿಮೆ. ಬೇರೆ ರೀತಿಯಲ್ಲಿ ಕೆಲಸ ಮಾಡುವ ಔಷಧಿಯನ್ನು ಜೊತೆಗೆ ಸೇರಿಸುವುದು ಹೆಚ್ಚು ಅರ್ಥಪೂರ್ಣ ಎಂಬುದು ನಮ್ಮ ಅಭಿಪ್ರಾಯ. ರೋಗ ಎ.ಎಂ.ಎಲ್. (ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್) ಹಂತಕ್ಕೆ ಹೋಗಿದ್ದರೆ ವೆನೆಟೊಕ್ಲ್ಯಾಕ್ಸ್ ಅಂಥದ್ದು, ಐ.ಡಿ.ಎಚ್. ಮ್ಯುಟೇಶನ್ ಇದ್ದರೆ ಅದಕ್ಕೆಂದೇ ಇರುವ ಮಾತ್ರೆಗಳೂ ಇವೆ. ಯಾವುದು ಎಂದು ಹೇಳಬೇಕಾದದ್ದು ಬೋನ್ ಮ್ಯಾರೋ. ಮೊದಲ ರಿಪೋರ್ಟ್‌ನಲ್ಲಿ ಇಲ್ಲದ ಮ್ಯುಟೇಶನ್ ಈಗ ಇರಬಹುದು.

ಒಮ್ಮೆ ಚುಚ್ಚಿದ್ದು ವ್ಯರ್ಥ ಆಗದಿರಲಿ. ಮೊದಲ ಎಳೆತದಲ್ಲಿ ಬರುವ ಒಂದೆರಡು ಮಿ.ಲೀ. ಅತ್ಯಂತ ಅಮೂಲ್ಯ, ಆಮೇಲಿನದಕ್ಕೆ ರಕ್ತ ಬೆರೆಯುತ್ತದೆ. ಅದು ಮ್ಯುಟೇಶನ್ ಪರೀಕ್ಷೆಗೆ ನೇರಳೆ ಮುಚ್ಚಳದ ಇ.ಡಿ.ಟಿ.ಎ. ಟ್ಯೂಬ್‌ಗೆ ಹೋಗಬೇಕು. ಕ್ರೋಮೊಸೋಮ್ ನೋಡಲು ಕೋಶಗಳು ಬದುಕಿರಬೇಕು, ಅದಕ್ಕೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್. ಎರಡನ್ನೂ ಅದಲು ಬದಲು ಮಾಡಿದರೆ ಕಷ್ಟ: ಮ್ಯುಟೇಶನ್ ಪರೀಕ್ಷೆಗಾಗಿ ಡಿ.ಎನ್.ಎ. ನಕಲು ಹೆಚ್ಚಿಸುವ ಪಿ.ಸಿ.ಆರ್. ಕ್ರಿಯೆಯನ್ನು ಹೆಪಾರಿನ್ ತಡೆಯುತ್ತದೆ. ಮಾದರಿಯನ್ನು ಫ್ರೀಜರ್‌ನಲ್ಲಿ ಇಟ್ಟರೆ ಕೋಶ ಒಡೆದು ಕ್ರೋಮೊಸೋಮ್ ಪರೀಕ್ಷೆ ಕೈಬಿಡಬೇಕಾಗುತ್ತದೆ. ಬೆಂಗಳೂರಿನಿಂದ ಬೇರೆ ಊರಿನ ಲ್ಯಾಬ್‌ಗೆ ಕಳಿಸುವುದಿದ್ದರೆ ಶನಿವಾರ ಸಂಜೆ ಬೇಡ, ಸೋಮವಾರದಿಂದ ಬುಧವಾರದೊಳಗೆ ಬೆಳಿಗ್ಗೆ ತೆಗೆಸಿ. ಅಮ್ಮನಿಗೆ ನೋವಿನ ಭಯ ಇದೆಯೆಂದು ಮೊದಲೇ ಹೇಳಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಐದು ನಿಮಿಷ ಕಾದರೆ, ಜೊತೆಗೆ ಸ್ವಲ್ಪ ಮಂಪರು ಔಷಧಿ ಕೊಟ್ಟರೆ ಬಹಳ ವ್ಯತ್ಯಾಸ ಆಗುತ್ತದೆ.

ವೆನೆಟೊಕ್ಲ್ಯಾಕ್ಸ್ ಶುರುವಾದರೆ ಫಂಗಸ್ ಔಷಧಿಗಳ ಬಗ್ಗೆ ಎಚ್ಚರ. ಮೊದಲ ದಿನ 100, ಮರುದಿನ 200, ಮೂರನೆಯ ದಿನದಿಂದ 400 ಮಿ.ಗ್ರಾಂ. ಎಂಬುದು ವಾಡಿಕೆ. ವೊರಿಕೊನಜೋಲ್ ಜೊತೆಗಿದ್ದರೆ 400ರ ಬದಲು 100 ಸಾಕು, ಪೋಸಕೊನಜೋಲ್ ಜೊತೆ 70. ಡೋಸ್ ಇಳಿಸದಿದ್ದರೆ ರಕ್ತಕಣಗಳು ವಾರಗಟ್ಟಲೆ ಮೇಲೇಳುವುದಿಲ್ಲ.

ಪ್ರಶ್ನೆ: ಅರಿಶಿನ, ಪುನರ್ಪುಳಿ ಎಪಿಜೆನೆಟಿಕ್ ಔಷಧಿಗಳೆಂದು, ಇದನ್ನು ನಮ್ಮ ಬೆಂಗಳೂರಿನಲ್ಲೇ ಕಂಡುಹಿಡಿದರೆಂದು ಹೇಳುತ್ತಾರೆ. ನಿಜವೇ? — ಯಲಹಂಕ

ಉತ್ತರ: ಅರ್ಧ ನಿಜ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ ಎರಡು ಸಂಗತಿ ತೋರಿಸಿತು: ಅರಿಶಿನದ ಕರ್ಕ್ಯುಮಿನ್, ಪುನರ್ಪುಳಿಯ ಗಾರ್ಸಿನಾಲ್ ಇವೆರಡೂ ಹಿಸ್ಟೋನ್‌ಗೆ ಅಸಿಟೈಲ್ ಗುರುತು ಹಾಕುವ ಪಿ300 ಕಿಣ್ವವನ್ನು ತಡೆಯುತ್ತವೆ. ನಗರಕ್ಕೆ ಹೆಮ್ಮೆಯ ಕೆಲಸ. ಆದರೆ ಅದು ಟ್ಯೂಬಿನಲ್ಲಿ, ಸಾಕಿದ ಕೋಶಗಳಲ್ಲಿ ಕಂಡದ್ದು. ನುಂಗಿದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಸಾರಿನ ಅರಿಶಿನ, ಊಟದ ಜೊತೆ ಪುನರ್ಪುಳಿ ಸಾರು ಸಂತೋಷವಾಗಿ ತಿನ್ನಿ. ಕ್ಯಾಪ್ಸೂಲ್ ಮಾತ್ರ ಬೇಡ: ಹೀರಿಕೆ ಹೆಚ್ಚಲೆಂದು ಅದರಲ್ಲಿ ಮೆಣಸಿನ ಪೈಪರಿನ್ ಸೇರಿಸಿರುತ್ತಾರೆ, ಅದು ವೆನೆಟೊಕ್ಲ್ಯಾಕ್ಸ್‌ನಂಥ ಔಷಧಿಗಳನ್ನು ಒಡೆಯುವ ಕಿಣ್ವಕ್ಕೆ ಅಡ್ಡ ಬರಬಲ್ಲದು. ಚಕ್ಕೋತ ಹಣ್ಣಿಗೂ ಇದೇ ಎಚ್ಚರಿಕೆ.

ಪ್ರಶ್ನೆ: ಸಿ.ಎಂ.ಎಲ್.ಗೆ (ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್) ಇಮ್ಯಾಟಿನಿಬ್ 400 ತೆಗೆದುಕೊಳ್ಳುತ್ತಿದ್ದೇನೆ. ಮೂರು ತಿಂಗಳಿಗೆ ಬಿ.ಸಿ.ಆರ್.-ಎ.ಬಿ.ಎಲ್. (ಈ ರೋಗದ ಗುರುತಾದ ಜೀನಿನ ಪ್ರಮಾಣ) ಶೇ. 14 ಬಂದಿದೆ. ಮ್ಯುಟೇಶನ್ ಆಗಿರಬಹುದೇ? — ವಿಜಯನಗರ

ಉತ್ತರ: ಮೂರು ತಿಂಗಳಿಗೆ ಶೇ. 10ರೊಳಗೆ ಇರಬೇಕಿತ್ತು, ಆದ್ದರಿಂದ ಒಂದರಿಂದ ಮೂರು ತಿಂಗಳೊಳಗೆ ಮತ್ತೆ ಪರೀಕ್ಷೆ ಮಾಡಿಸಿ, ಅದೇ ಲ್ಯಾಬ್‌ನಲ್ಲಿ. ಮ್ಯುಟೇಶನ್‌ಗಿಂತ ಮೊದಲು ಮಾತ್ರೆ ತಪ್ಪಿದ ದಿನಗಳನ್ನು ಎಣಿಸಿ, ಹೊಟ್ಟೆ ತೊಳಸುತ್ತದೆಂದು ಬಿಟ್ಟ ದಿನಗಳನ್ನೂ ಸೇರಿಸಿ. ಊಟದ ಜೊತೆ ದೊಡ್ಡ ಲೋಟ ನೀರಿನಲ್ಲಿ ನುಂಗಿದರೆ ತೊಳಸುವುದು ಕಡಿಮೆ. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಫಿಟ್ಸ್‌ಗೆ ಫೆನಿಟಾಯಿನ್ ನಡೆಯುತ್ತಿದೆಯೇ? ಅವು ಇಮ್ಯಾಟಿನಿಬ್ ಮಟ್ಟವನ್ನು ಇಳಿಸುತ್ತವೆ. ಇವೆಲ್ಲ ಸರಿಯಿದ್ದೂ ಇಳಿಯದಿದ್ದರೆ ಮ್ಯುಟೇಶನ್ ಪರೀಕ್ಷೆ. ಟಿ315ಐ ಎಂಬ ಮ್ಯುಟೇಶನ್ ಬಂದರೆ ಪೊನಾಟಿನಿಬ್ ಅಥವಾ ಅಸಿಮಿನಿಬ್ ಔಷಧಿಯ ಕಡೆಗೆ ಹೋಗಬೇಕಾಗುತ್ತದೆ.

ಪ್ರಶ್ನೆ: ನಮ್ಮ ಅಕ್ಕನ ಮಗಳಿಗೆ ಕೆ.ಎಂ.ಟಿ.2ಎ ಜೀನು ಕೆಟ್ಟ ಬಗೆಯ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್). ಮೆನಿನ್ ಎಂಬ ಪ್ರೋಟೀನನ್ನು ತಡೆಯುವ ಹೊಸ ಮಾತ್ರೆ ಶುರುವಾಗಿ ಹತ್ತು ದಿನ. ಬಿಳಿಕಣ ಏರುತ್ತಿದೆ, ಮೂರು ದಿನದಲ್ಲಿ ಮೂರು ಕಿಲೋ ತೂಕ ಹೆಚ್ಚಿದೆ, ಉಸಿರು ಕಟ್ಟಿದಂತಾಗುತ್ತದೆ ಎನ್ನುತ್ತಾಳೆ. ಇದಕ್ಕೂ ಔಷಧಿ ಹಿಡಿಯುತ್ತಿಲ್ಲವೇ? — ಹೆಬ್ಬಾಳ

ಉತ್ತರ: ಹಿಡಿಯುತ್ತಿರುವುದರ ಲಕ್ಷಣವೇ ಇರಬಹುದು, ಆದರೆ ತುರ್ತು ಸ್ಥಿತಿ. ಈ ಔಷಧಿ ಎಳೆ ಕೋಶಗಳನ್ನು ಬಲಿಯುವಂತೆ ಮಾಡುತ್ತದೆ. ಒಮ್ಮೆಗೇ ಬಲಿತ ಕೋಶಗಳು ಶ್ವಾಸಕೋಶಕ್ಕೆ ನುಗ್ಗಿ ಡಿಫರೆನ್ಶಿಯೇಷನ್ ಸಿಂಡ್ರೋಮ್ ಉಂಟಾಗುತ್ತದೆ. ಎ.ಪಿ.ಎಲ್. ಎಂಬ ಇನ್ನೊಂದು ಬಗೆಯ ಲ್ಯುಕೇಮಿಯಾಗೆ ಆಟ್ರಾ ಎಂಬ ಔಷಧಿ ಕೊಡುವಾಗಲೂ ಇದು ಬರುತ್ತದೆ. ಜ್ವರ, ಊತ, ತೂಕ ಏರಿಕೆ, ಉಸಿರಾಟದ ತೊಂದರೆ ಇದರ ಗುರುತುಗಳು. ಅನುಮಾನ ಬಂದ ಕೂಡಲೇ, ಪರೀಕ್ಷೆ ಮುಗಿಯುವುದನ್ನು ಕಾಯದೆ, ಡೆಕ್ಸಾಮೆಥಾಸೋನ್ 10 ಮಿ.ಗ್ರಾಂ. 12 ಗಂಟೆಗೊಮ್ಮೆ ಶುರು ಮಾಡುವುದು ರೂಢಿ. ಔಷಧಿಗೆ ನಿಜವಾಗಿ ಬಗ್ಗದಿದ್ದರೆ ಅದಕ್ಕೆ ಕೆಲವರಲ್ಲಿ ಮೆನಿನ್ ಪ್ರೋಟೀನಿನ ಎಂ.ಇ.ಎನ್.1 ಜೀನಿನಲ್ಲೇ ಮ್ಯುಟೇಶನ್ ಕಾರಣ, ಮಾತ್ರೆ ಕೂರಬೇಕಾದ ಜಾಗವೇ ಬದಲಾಗಿರುತ್ತದೆ. ಅದನ್ನು ಆಮೇಲೆ ಬೋನ್ ಮ್ಯಾರೋದಲ್ಲಿ ನೋಡಬಹುದು. ಈ ಸಂಚಿಕೆ ನಿಮ್ಮ ಕೈ ಸೇರುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ಪತ್ರ ತಲುಪಿದ ದಿನವೇ ನಿಮಗೆ ಫೋನ್ ಮಾಡಿ ಹೇಳಿದ್ದೇವೆ. ಇದೇ ಮಾತ್ರೆ ಶುರು ಮಾಡಿರುವ ಉಳಿದವರು ಪ್ರತಿದಿನ ಬೆಳಿಗ್ಗೆ ತೂಕ ಬರೆದಿಡಿ, ಚಿಕಿತ್ಸೆ ಕೊಡುವವರ ತುರ್ತು ಸಂಖ್ಯೆಯನ್ನು ಮಾತ್ರೆ ಡಬ್ಬಿಯ ಮೇಲೆಯೇ ಅಂಟಿಸಿಡಿ.